ನಾಲ್ಕನೇ ನಂಬರಿನ ಮನೆ

ಅಮ್ಮ ಫೋನ್ ಮಾಡುವುದು ಭಾನುವಾರ. ಅವತ್ತು ಬುಧವಾರ. ಫೆಬ್ರವರಿ ತಿಂಗಳು, ರಾತ್ರಿ ಒಂಬತ್ತಾಗಿತ್ತು. ಊಟ ಆಯ್ತಾ, ಹಾಸ್ಟೆಲಿನಲ್ಲಿ ನೀರು ಬರ್ತಿದೆಯಾ ಎಂದೆಲ್ಲ ಕೇಳಿ ಮುಗಿಸಿದ ಮೇಲೆ ಮೆಲ್ಲಗೆ ಹೇಳಿದಳು: "ರೈಟರು ಬಂದಿದ್ರು ಮಗಾ. ಕೊಯ್ಲು ಮುಗಿಯೋ ತನಕ ಇರ್ಬಹುದಂತೆ. ಆಮೇಲೆ ಮನೆ ಬಿಟ್ಟು ಕೊಡ್ಬೇಕಂತೆ."

ನಾನು ಶಂಕರಘಟ್ಟದ ಹಾಸ್ಟೆಲ್ ಕೋಣೆಯಲ್ಲಿ ಕೂತು ನನ್ನ ಸಂಶೋಧನಾ ಪ್ರಬಂಧದ ಮೂರನೇ ಅಧ್ಯಾಯ ಬರೆಯುತ್ತಿದ್ದೆ. ಮಲೆನಾಡಿನ ಕಾದಂಬರಿಗಳಲ್ಲಿ ಮನೆ ಎನ್ನುವುದು ಆ ಅಧ್ಯಾಯದ ವಿಷಯ. ಹೀಗೆ ಬರೆದರೆ ಕಟ್ಟಿ ಹೇಳಿದ ಕಥೆಯಂತೆ ಕಾಣುತ್ತದೆ ಎಂದು ಗೊತ್ತು. ಆದರೆ ಆದದ್ದು ಹಾಗೆಯೇ.

ಅಪ್ಪನಿಗೆ ಅರವತ್ತು ತುಂಬಿತ್ತು. ತೋಟದಲ್ಲಿ ಅವನು ಮರಕಸಿ ಮಾಡುವ ಆಳು. ಮಳೆ ಹಿಡಿಯುವ ಮುಂಚೆ ಸಿಲ್ವರ್ ಓಕ್, ಹಲಸು, ಅತ್ತಿ ಮರಗಳನ್ನು ಹತ್ತಿ, ಕಾಫಿ ಗಿಡಕ್ಕೆ ಬೇಕಾದಷ್ಟೇ ಬಿಸಿಲು ಬೀಳುವ ಹಾಗೆ ರೆಂಬೆ ಕಡಿಯುವ ಕೆಲಸ. ಮೊಣಕಾಲು ಕೈಕೊಟ್ಟ ಮೇಲೆ ಎರಡು ವರ್ಷ ಅವನನ್ನು ಕಣಕ್ಕೆ ಹಾಕಿದ್ದರು, ಕಾಫಿ ಹರವಿ ಕೈಯಾಡಿಸಲಿಕ್ಕೆ. ಅಮ್ಮ ಬೆನ್ನುನೋವಿನಿಂದ ಕಾಯಂ ಕೆಲಸ ಬಿಟ್ಟವಳು, ಕೊಯ್ಲಿನ ಹೊತ್ತಿಗೆ ಮಾತ್ರ ಕೆಜಿ ಲೆಕ್ಕದಲ್ಲಿ ಹಣ್ಣು ಬಿಡಿಸಲು ಹೋಗುತ್ತಿದ್ದಳು. ಈಗ ಇಬ್ಬರಲ್ಲಿ ಯಾರ ಹೆಸರೂ ಹಾಜರಿ ಪುಸ್ತಕದಲ್ಲಿ ಇಲ್ಲ. ಹಾಜರಿಯಲ್ಲಿ ಹೆಸರಿಲ್ಲದವರಿಗೆ ಲೈನಿನಲ್ಲಿ ಮನೆಯಿಲ್ಲ. ರೈಟರು ಕೆಟ್ಟವರಲ್ಲ. ತೋಟದ ಆಫೀಸಿನಲ್ಲಿ ಹೇಳಿದ್ದನ್ನು ಬಂದು ಹೇಳಿದರು, ಅಮ್ಮ ಕೊಟ್ಟ ಚಾ ಕುಡಿದು ಹೋದರು.

ಲೈನ್ ಮನೆ ನೋಡದವರಿಗಾಗಿ ಹೇಳುತ್ತೇನೆ. ನಮ್ಮದು ಏಳು ಮನೆಗಳ ಲೈನು. ಉದ್ದಕ್ಕೆ ಒಂದೇ ಮಾಡು, ಹಿಂದೆ ಹಂಚಿತ್ತು, ಈಗ ಶೀಟು. ಒಂದು ಕೋಣೆ, ಒಂದು ಅಡುಗೆ ಮನೆ, ಮುಂದೆ ಮೂರಡಿ ಜಗಲಿ. ಮನೆಯಿಂದ ಮನೆಗೆ ನಡುವೆ ಗೋಡೆ ಇದೆ, ಆದರೆ ಗೋಡೆ ಮಾಡಿನ ತನಕ ಹೋಗುವುದಿಲ್ಲ. ಹಾಗಾಗಿ ಐದನೇ ನಂಬರಿನವರ ಒಲೆಯ ಹೊಗೆ, ಮೂರನೇ ನಂಬರಿನವರ ಜಗಳ, ಆರನೇ ನಂಬರಿನ ಅಜ್ಜಿಯ ಕೆಮ್ಮು ಎಲ್ಲವೂ ಎಲ್ಲರದೂ. ನಮ್ಮದು ನಾಲ್ಕನೇ ನಂಬರು. ನಾನು ಎಸ್ಸೆಸ್ಸೆಲ್ಸಿಗೆ ಓದುವಾಗ ರಾತ್ರಿ ಹತ್ತರ ಮೇಲೂ ಲೈಟ್ ಹಾಕಿದ್ದರೆ ಆ ಕಡೆಯಿಂದ ಅಜ್ಜಿ, "ಇನ್ನೂ ಮಲಗಿಲ್ವನೇ ಮಾರಾಯ್ತಿ?" ಎಂದು ಕೇಳುತ್ತಿದ್ದಳು. ಅವಳ ಕಡೆಗೂ ಬೆಳಕು ಹೋಗುತ್ತಿತ್ತು.

ಅಪ್ಪನ ಅಪ್ಪ ಘಟ್ಟದ ಕೆಳಗಿನಿಂದ ಕೊಯ್ಲಿಗೆಂದು ಹತ್ತಿ ಬಂದವನು. ಮೇಸ್ತ್ರಿಯ ಹತ್ತಿರ ಮುಂಗಡ ತೆಗೆದುಕೊಂಡಿದ್ದ. ಆ ಮುಂಗಡ ತೀರಿಸುತ್ತ ಇಲ್ಲೇ ಉಳಿದ. ಅಪ್ಪ ಹುಟ್ಟಿದ್ದು ಒಂದು ಲೈನಿನಲ್ಲಿ, ನಾನು ಹುಟ್ಟಿದ್ದು ಇನ್ನೊಂದರಲ್ಲಿ. ಮೂರು ತಲೆಮಾರು ಚಿಕ್ಕಮಗಳೂರು ಜಿಲ್ಲೆಯ ಇದೇ ಗುಡ್ಡಗಳಲ್ಲಿ ಕಳೆದಿದ್ದೇವೆ. ಊರು ಯಾವುದು ಎಂದು ಯಾರಾದರೂ ಕೇಳಿದರೆ ತೋಟದ ಹೆಸರು ಹೇಳುತ್ತೇವೆ.

ನಾನು ಬರೆಯುತ್ತಿದ್ದ ಅಧ್ಯಾಯದಲ್ಲಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ದೊಡ್ಡ ಭಾಗ. 1967ರಲ್ಲಿ ಬಂದ ಆ ಕಾದಂಬರಿಯಲ್ಲಿ ಜನರ ಹೆಸರಿನ ಮುಂದೆ ಮನೆಯ ಹೆಸರು ನಿಂತಿರುತ್ತದೆ. ಹಳೆಮನೆ ಸುಬ್ಬಣ್ಣ ಹೆಗ್ಗಡೆ, ಸಿಂಬಾವಿ ಭರಮೈ ಹೆಗ್ಗಡೆ, ಕೋಣೂರು ಮುಕುಂದಯ್ಯ, ಹೂವಳ್ಳಿ ವೆಂಕಟಣ್ಣ. ಜೀತದಾಳು ಗುತ್ತಿಯ ಹೆಸರಿನ ಮುಂದೆ ಮನೆ ಇಲ್ಲ, ನಾಯಿ ಇದೆ: ನಾಯಿಗುತ್ತಿ. ಇದನ್ನು ಎರಡು ಪುಟದಷ್ಟು ವಿವರಿಸಿ ಬರೆದು ಖುಷಿಪಟ್ಟಿದ್ದೆ. ಅಮ್ಮನ ಫೋನ್ ಬಂದ ಮೇಲೆ ಆ ಎರಡು ಪುಟ ಓದಲು ಆಗಲಿಲ್ಲ. ಓದಿದರೆ ನಮ್ಮ ನಾಲ್ಕನೇ ನಂಬರು ನೆನಪಾಗುತ್ತಿತ್ತು.

ಮಾರನೇ ದಿನ ಕಾದಂಬರಿ ಬಿಟ್ಟು ಕಾಯ್ದೆ ಓದಲು ಕೂತೆ.

1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯ 15ನೇ ಕಲಮು, ತೋಟದಲ್ಲೇ ವಾಸಿಸುವ ಕಾರ್ಮಿಕರಿಗೂ ಅವರ ಕುಟುಂಬಕ್ಕೂ ಮಾಲೀಕರು ಮನೆ ಕೊಟ್ಟು ಅದನ್ನು ಸುಸ್ಥಿತಿಯಲ್ಲಿ ಇಡಬೇಕು ಎಂದು ಹೇಳಿತು. ಆ ಕಾಲಕ್ಕೆ ಅದು ದೊಡ್ಡ ಮಾತು. ನಮ್ಮ ಅಜ್ಜನ ತಲೆಯ ಮೇಲೆ ಹಂಚು ಬಂದದ್ದು ಬಹುಶಃ ಅಂಥ ಕಾನೂನಿನ ದೆಸೆಯಿಂದ. ಆದರೆ ಆ ಮನೆ ಕೂಲಿಯ ಒಂದು ಭಾಗ. ಕೂಲಿ ನಿಂತ ದಿನ ಮನೆಯೂ ನಿಲ್ಲುತ್ತದೆ. ಮೂವತ್ತೆಂಟು ವರ್ಷ ದುಡಿದವನಿಗೆ ಒಂದು ಗೋಡೆಯೂ ತನ್ನದಾಗುವುದಿಲ್ಲ.

ಇನ್ನೊಂದು ಕಾಯ್ದೆಯನ್ನು ನಾವೆಲ್ಲ ಶಾಲೆಯಲ್ಲೇ ಓದಿದ್ದೇವೆ. 1961ರ ಭೂಸುಧಾರಣಾ ಕಾಯ್ದೆ, 1974ರ ತಿದ್ದುಪಡಿ, ಉಳುವವನೇ ಹೊಲದೊಡೆಯ. ಅದರಲ್ಲಿ 38ನೇ ಕಲಮು ಕೃಷಿ ಕಾರ್ಮಿಕರ ಬಗ್ಗೆ ಇದೆ. ಬೇರೆಯವರ ಜಮೀನಿನಲ್ಲಿ ಮನೆ ಕಟ್ಟಿಕೊಂಡು ವಾಸಿಸುವ ಕೃಷಿ ಕಾರ್ಮಿಕನಿಗೆ ಆ ಮನೆಯ ಮೇಲೆ ಹಕ್ಕು ಕೊಡುವ ಕಲಮು ಅದು. ಓದುತ್ತಿದ್ದಂತೆ ಎದೆ ಹೊಡೆದುಕೊಂಡಿತು. ಆಮೇಲೆ 104ನೇ ಕಲಮಿಗೆ ಬಂದೆ. 38ನೇ ಕಲಮು ಪ್ಲಾಂಟೇಶನ್‌ಗಳಿಗೆ ಅನ್ವಯಿಸುವುದಿಲ್ಲ ಎಂದು ಅಲ್ಲಿ ಬರೆದಿತ್ತು. ಗದ್ದೆಯ ಅಂಚಿನ ಗುಡಿಸಲಿಗೆ ಒಂದು ನ್ಯಾಯ, ಕಾಫಿ ತೋಟದ ಲೈನಿಗೆ ಇನ್ನೊಂದು.

ಅದೇ ಕಾಲಕ್ಕೆ ನೆರೆಯ ಕೇರಳದಲ್ಲಿ ಜಮೀನ್ದಾರರ ಜಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದವರಿಗೆ ಪಂಚಾಯತಿ ಪ್ರದೇಶದಲ್ಲಿ 10 ಸೆಂಟ್ಸ್ ತನಕ ನೆಲದ ಹಕ್ಕು ಕೊಟ್ಟರು. 1972ರಲ್ಲಿ ಎಂ.ಎನ್. ಗೋವಿಂದನ್ ನಾಯರ್ ವಸತಿ ಸಚಿವರಾಗಿ ಲಕ್ಷ ಮನೆಗಳ ಯೋಜನೆ ಶುರುಮಾಡಿದರು. ಆ ಕಾಲನಿಗಳಿಗೂ ಜನ ಮೂಗು ಮುರಿದದ್ದುಂಟು. ಎರಡು ಕುಟುಂಬಕ್ಕೆ ನಡುವೆ ಒಂದೇ ಗೋಡೆ, ಇಕ್ಕಟ್ಟು, ಮೇಲೆ ಕಾಲನಿಯವರೆಂಬ ಹಣೆಪಟ್ಟಿ. ಆದರೆ ಅಲ್ಲಿ ಮೊದಲು ಕೇಳಿದ ಪ್ರಶ್ನೆ ನೆಲದ್ದು, ಗೋಡೆ ಆಮೇಲೆ ಬಂತು. ನಮ್ಮಲ್ಲಿ ಈ ಕ್ರಮ ತಿರುವುಮುರುವಾಗಿದೆ ಎನ್ನುವುದು ಊರಿಗೆ ಹೋದ ಮೇಲೆ ಅರ್ಥವಾಯಿತು.

ಶಿವರಾತ್ರಿ ರಜೆಗೆ ಊರಿಗೆ ಹೋದವಳು ಗ್ರಾಮ ಪಂಚಾಯತಿಗೆ ಹೋದೆ. ಪಿಡಿಒ ನನ್ನಷ್ಟೇ ವಯಸ್ಸಿನ ಹುಡುಗಿ. ಮುಂದೆ ಎರಡು ರಿಜಿಸ್ಟರ್ ಇಟ್ಟರು. ಒಂದು 'ವಸತಿ ರಹಿತರು', ಇನ್ನೊಂದು 'ನಿವೇಶನ ರಹಿತರು'. ಕನ್ನಡ ಎಂ.ಎ. ಮಾಡಿದ ನನಗೆ ಈ ಎರಡು ಪದಗಳ ನಡುವಿನ ಅಂತರ ಅವತ್ತು ಗೊತ್ತಾಯಿತು. ವಸತಿ ರಹಿತರೆಂದರೆ ಜಾಗ ಇದ್ದು ಸರಿಯಾದ ಮನೆ ಇಲ್ಲದವರು. ಅವರಿಗೆ ಯೋಜನೆಗಳಿವೆ. 1985ರಲ್ಲಿ ಶುರುವಾದ ಇಂದಿರಾ ಆವಾಸ್ 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಆಯಿತು. ರಾಜ್ಯದ್ದು ಬಸವ ವಸತಿ, ಅಂಬೇಡ್ಕರ್ ನಿವಾಸ್. 2000ದಲ್ಲಿ ಹುಟ್ಟಿದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಇದನ್ನೆಲ್ಲ ನೋಡಿಕೊಳ್ಳುತ್ತದೆ. ಪ್ರಧಾನಮಂತ್ರಿ ಆವಾಸಿನಲ್ಲಿ ಬಯಲುಸೀಮೆಗೆ 1,20,000 ರೂಪಾಯಿ, ಗುಡ್ಡಗಾಡಿಗೆಂದು ಗುರುತಿಸಿದ ಕಡೆ 1,30,000. ಜೊತೆಗೆ ಉದ್ಯೋಗ ಖಾತರಿಯಲ್ಲಿ ತೊಂಬತ್ತು ದಿನದ ಕೂಲಿ. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಪಾಯ ಹಾಕಿದಾಗ ಒಂದು ಫೋಟೋ, ಗೋಡೆ ಎದ್ದಾಗ ಒಂದು, ಮಾಡು ಬಿದ್ದಾಗ ಒಂದು. ಫೋಟೋ ಮೊಬೈಲಿನಲ್ಲಿ ಜಾಗದ ಗುರುತಿನ ಸಮೇತ ಹೋದ ಮೇಲೆ ಕಂತಿನ ದುಡ್ಡು.

"ಪಾಯ ಹಾಕೋಕೆ ಜಾಗ ಇಲ್ಲದವರು?" ಕೇಳಿದೆ.

ಪಿಡಿಒ ಎರಡನೇ ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದರು. ಅದು ದಪ್ಪಗಿತ್ತು. ಅದರಲ್ಲಿರುವವರಿಗೆ ಪಂಚಾಯತಿ ಮೊದಲು ನಿವೇಶನ ಕೊಡಬೇಕು, ಆಮೇಲೆ ಅವರು ಮೊದಲನೇ ರಿಜಿಸ್ಟರಿಗೆ ಬರುತ್ತಾರೆ. ನಿವೇಶನ ಕೊಡಲು ಸರ್ಕಾರಿ ಜಾಗ ಬೇಕು. "ಜಾಗ ಎಲ್ಲಿಂದ ತರ್ಲಿ ಮೇಡಂ? ಪಹಣಿಯಲ್ಲಿ ಸರ್ಕಾರಿ ಅಂತ ಇರೋದ್ರಲ್ಲಿ ಅರ್ಧ ಡೀಮ್ಡ್ ಫಾರೆಸ್ಟು. ಉಳಿದದ್ದರಲ್ಲಿ ಕಾಫಿ ಇದೆ" ಎಂದರು. ತಮಾಷೆ ಮಾಡಲಿಲ್ಲ, ಸಿಟ್ಟಿನಿಂದಲೂ ಹೇಳಲಿಲ್ಲ.

ಮಲೆನಾಡಿನಲ್ಲಿ ಮನೆಗೆ ಬರ ಎಂದರೆ ಹೊರಗಿನವರು ನಂಬುವುದಿಲ್ಲ. ಬಸ್ಸಿನ ಕಿಟಕಿಯಿಂದ ನೋಡಿದರೆ ಎಲ್ಲ ಕಡೆ ಜಾಗವೇ. ಮೈಲಿಗಟ್ಟಲೆ ಹಸಿರು, ನಡುವೆ ಅಲ್ಲೊಂದು ಇಲ್ಲೊಂದು ಮನೆ. ಆದರೆ ಆ ಹಸಿರಿನ ಪ್ರತಿ ಗುಂಟೆಗೂ ಒಬ್ಬ ಒಡೆಯನಿದ್ದಾನೆ. ಒಂದೋ ತೋಟದವರು, ಇಲ್ಲವೇ ಅರಣ್ಯ ಇಲಾಖೆ. 1996ರ ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಡು ಎಂದರೆ ದಾಖಲೆಯಲ್ಲಿ ಕಾಡೆಂದಿರುವುದಷ್ಟೇ ಅಲ್ಲ ಎಂದು ಹೇಳಿದ ಮೇಲೆ ಕಂದಾಯ ಇಲಾಖೆಯ ಎಷ್ಟೋ ಜಾಗ ಪರಿಭಾವಿತ ಅರಣ್ಯದ ಪಟ್ಟಿಗೆ ಸೇರಿತು. ಕಾಡು ಉಳಿಯಬೇಕು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಪ್ರತಿ ಮಳೆಗಾಲವೂ ಯಾವುದೋ ಒಂದು ಗುಡ್ಡ ಜಾರುವುದನ್ನು ನೋಡಿ ಬೆಳೆದವಳು ನಾನು. ಆದರೆ ಪಂಚಾಯತಿ ಗುರುತಿಸಿದ ಒಂದೂವರೆ ಎಕರೆ ಕಾಡೋ ಅಲ್ಲವೋ ಎಂದು ತೀರ್ಮಾನಿಸಲು ಕಂದಾಯ ಮತ್ತು ಅರಣ್ಯ ಇಲಾಖೆಯವರು ಸೇರಿ ಜಂಟಿ ಸರ್ವೆ ಮಾಡಬೇಕು. ಆ ಸರ್ವೆಗೆ ದಿನ ಗೊತ್ತಾಗುವುದೇ ಇಲ್ಲ.

ಇನ್ನು 'ಉಳಿದದ್ದರಲ್ಲಿ ಕಾಫಿ ಇದೆ' ಎಂಬ ಮಾತು. ಸರ್ಕಾರಿ ಜಮೀನು ಒತ್ತುವರಿ ಮಾಡಿ ಕಾಫಿ ಮುಂತಾದ ತೋಟದ ಬೆಳೆ ಹಾಕಿದವರಿಗೆ ಆ ಜಮೀನನ್ನು 25 ಎಕರೆಯ ತನಕ ಮೂವತ್ತು ವರ್ಷ ಗುತ್ತಿಗೆಗೆ ಕೊಡಲು ಕೆಲವು ವರ್ಷದ ಹಿಂದೆ ಭೂಕಂದಾಯ ಕಾಯ್ದೆಗೆ ತಿದ್ದುಪಡಿಯಾಗಿದೆ. ಎರಡು ಮೂರು ಎಕರೆ ಮಾಡಿಕೊಂಡ ಸಣ್ಣ ಬೆಳೆಗಾರರೂ ಅದರಲ್ಲಿದ್ದಾರೆ, ಅವರ ಕಷ್ಟ ನನಗೆ ಗೊತ್ತು. ಆದರೂ ಪಂಚಾಯತಿಯ ಕಟ್ಟೆಯ ಮೇಲೆ ಕೂತು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿದೆ. ಎಕರೆಗೆ 43,560 ಚದರಡಿ. 30x40ರ ನಿವೇಶನ 1,200 ಚದರಡಿ. ರಸ್ತೆ, ಚರಂಡಿ, ಅಂಗನವಾಡಿ, ಬಾವಿಗೆ ಧಾರಾಳವಾಗಿ ಜಾಗ ಬಿಟ್ಟರೂ ಎಕರೆಗೆ ಇಪ್ಪತ್ತು ಮನೆ. 25 ಎಕರೆಯಲ್ಲಿ ಐನೂರು ಮನೆ. ಗುತ್ತಿಗೆ ಕೊಡುವಾಗ 25ರಲ್ಲಿ ಒಂದೇ ಒಂದು ಎಕರೆಯನ್ನು, ರಸ್ತೆಗೆ ಹತ್ತಿರ ಇರುವ, ಜಾರದ ನೆಲವನ್ನು, ಪಂಚಾಯತಿಗೆ ಬಿಡಿಸಿಕೊಂಡರೂ ನಮ್ಮಂಥ ಎರಡು ಲೈನುಗಳ ಜನ ಅದರಲ್ಲಿ ಹಿಡಿಸುತ್ತಾರೆ. ಇದು ಕಷ್ಟದ ಗಣಿತವಲ್ಲ. ಆದರೆ ಒತ್ತುವರಿದಾರರಿಗೆ ಸಂಘವಿದೆ. ಲೈನಿನವರಿಗೆ ಇರುವುದು ಹಾಜರಿ ಪುಸ್ತಕ.

ಲೈನ್ ಬಿಟ್ಟವರು ತಾವೇ ಜಾಗ ಹುಡುಕಿಕೊಂಡರೆ ಏನಾಗುತ್ತದೆ ಎನ್ನುವುದಕ್ಕೆ ಕೊಡಗಿನ ದಿಡ್ಡಳ್ಳಿ ಇದೆ. ತೋಟದ ಲೈನುಗಳಲ್ಲಿ ಬದುಕಿದ್ದ ಆದಿವಾಸಿಗಳು ಅಲ್ಲಿ ಗುಡಿಸಲು ಹಾಕಿಕೊಂಡಿದ್ದರು. 2016ರ ಡಿಸೆಂಬರಿನಲ್ಲಿ ಅರಣ್ಯ ಜಾಗವೆಂದು ಎಲ್ಲವನ್ನೂ ಕೆಡವಿದರು. ತಿಂಗಳುಗಟ್ಟಲೆ ಹೋರಾಟ ನಡೆದು, ನಾಡಿನ ಎಲ್ಲ ಕಡೆಯಿಂದ ಜನ ಬಂದು ನಿಂತ ಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಅವರಿಗೆ ಜಾಗ ಸಿಕ್ಕಿತು. ಆಗ ನಾನು ಇನ್ನೂ ಡಿಗ್ರಿಯಲ್ಲಿದ್ದೆ. ಪೇಪರಿನಲ್ಲಿ ಬಂದ ಫೋಟೋ ನೋಡಿ ಅಪ್ಪ, "ಪಾಪ" ಎಂದಿದ್ದ. ನಾವು ಬೇರೆ, ಅವರು ಬೇರೆ ಎಂಬ ಧೈರ್ಯ ಅವನ ದನಿಯಲ್ಲಿತ್ತು.

"ಬಾಡಿಗೆ ಮನೆ ನೋಡೋಣ" ಎಂದೆ ಅಮ್ಮನಿಗೆ. ಎರಡು ದಿನ ಸುತ್ತಿದೆವು. ಊರಿನಲ್ಲಿ ಖಾಲಿ ಇದ್ದ ಮನೆಗಳೆಲ್ಲ ಹೋಂಸ್ಟೇ ಆಗಿವೆ. ನಾನು ಏಳನೇ ಕ್ಲಾಸಿನ ಟ್ಯೂಷನ್ನಿಗೆ ಹೋಗುತ್ತಿದ್ದ ಮೇಷ್ಟ್ರ ಮನೆಗೆ ಈಗ ಇಂಗ್ಲಿಷ್ ಬೋರ್ಡು ಬಂದಿದೆ, ಅಂಗಳದಲ್ಲಿ ಬೆಂಗಳೂರಿನ ಕಾರು ನಿಂತಿದೆ. ಒಂದು ರಾತ್ರಿಗೆ ಬರುವ ದುಡ್ಡನ್ನು ಒಂದು ತಿಂಗಳಿಗೆ ಕೊಡುತ್ತೇವೆಂದರೆ ಯಾರು ಬಾಡಿಗೆಗೆ ಕೊಡುತ್ತಾರೆ? ಅವರನ್ನು ದೂರಲಾರೆ. ಅವರ ಮಕ್ಕಳೂ ಊರು ಬಿಟ್ಟಿದ್ದಾರೆ, ಮನೆ ಬೀಳದ ಹಾಗೆ ಉಳಿಸಿಕೊಳ್ಳಲು ಅವರಿಗೂ ದಾರಿ ಬೇಕು.

ಹಾಗಾಗಿ ಮತ್ತೆ ಪಂಚಾಯತಿ. ಅರ್ಜಿ ತುಂಬುತ್ತ ಹೋದಂತೆ ಒಂದು ಕಲಮಿನಲ್ಲಿ ನಾನು ಸಿಕ್ಕಿಬಿದ್ದೆ. ಪ್ರಧಾನಮಂತ್ರಿ ಆವಾಸಿನ ನಿಯಮದಂತೆ ಕುಟುಂಬದ ಯಾವುದೇ ಸದಸ್ಯರ ತಿಂಗಳ ಆದಾಯ 15,000 ರೂಪಾಯಿ ಮೀರಿದರೆ ಆ ಕುಟುಂಬ ಪಟ್ಟಿಯಿಂದ ಹೊರಗೆ. ಮೊದಲು ಈ ಮಿತಿ 10,000 ಇತ್ತು. ಯುಜಿಸಿಯ ಹಿರಿಯ ಸಂಶೋಧಕರ ಫೆಲೋಶಿಪ್ಪಿನಲ್ಲಿ ನನಗೆ ತಿಂಗಳಿಗೆ 42,000 ಬರುತ್ತದೆ. ಪಡಿತರ ಚೀಟಿಯಲ್ಲಿ ಅಪ್ಪ, ಅಮ್ಮ, ನಾನು.

ಅಲ್ಲಿದ್ದ ಸಿಬ್ಬಂದಿಯೊಬ್ಬರು ನನ್ನ ಮುಖ ನೋಡಿ, "ಅದಕ್ಕೇನು, ಚೀಟಿಯಿಂದ ನಿಮ್ಮ ಹೆಸರು ತೆಗೆಸಿಬಿಡಿ. ನೀವು ಹೆಂಗೂ ಹಾಸ್ಟೆಲಲ್ಲಿ ಇರೋದಲ್ವಾ?" ಎಂದರು. ಸಹಾಯ ಮಾಡುವ ಮನಸ್ಸಿನಿಂದಲೇ ಹೇಳಿದ್ದು. ಎಷ್ಟೋ ಜನ ಹಾಗೆ ಮಾಡುತ್ತಾರೆ ಎಂದೂ ಸೇರಿಸಿದರು.

ರಾತ್ರಿ ಅಮ್ಮನಿಗೆ ಹೇಳಿದೆ. ಅವಳು ಬೇಸರ ಮಾಡಿಕೊಳ್ಳಬಹುದು, ನಿನ್ನ ಹೆಸರು ತೆಗೆದು ಬರುವ ಮನೆ ನಮಗೆ ಬೇಡ ಎನ್ನಬಹುದು ಎಂದುಕೊಂಡಿದ್ದೆ. ಅಮ್ಮ ಅಕ್ಕಿ ಆರಿಸುತ್ತ, ತಲೆಯೆತ್ತದೆ, "ತೆಗೆಸು ಮತ್ತೆ. ಮದುವೆ ಆಗಿದ್ರೆ ಯಾವಾಗ್ಲೋ ತೆಗೀತಿದ್ರಲ್ಲ" ಎಂದಳು.

ಈ ಮಾತಿಗೆ ಉತ್ತರವಿಲ್ಲ. ಹೆಣ್ಣುಮಕ್ಕಳ ಹೆಸರು ಮನೆಯ ಕಾಗದದಲ್ಲಿ ತಾತ್ಕಾಲಿಕ ಎಂದು ಅಮ್ಮನಿಗೆ ಯಾರೂ ಥಿಯರಿ ಓದಿಸಬೇಕಾಗಿರಲಿಲ್ಲ. ಅವಳ ಹೆಸರು ಅವಳ ತಾಯಿಮನೆಯ ಚೀಟಿಯಿಂದ ಹೋಗಿ ಮೂವತ್ತು ವರ್ಷವಾಗಿತ್ತು. ಈಗ ಲೈನಿನಿಂದಲೂ ಹೋಗುತ್ತಿತ್ತು.

ಎರಡು ದಿನ ಯೋಚಿಸಿದೆ. ತೆಗೆಸುವುದು ಸುಳ್ಳೇ? ನಾನು ಹಾಸ್ಟೆಲಿನಲ್ಲಿರುವುದು ನಿಜ. ಆದರೆ ತಿಂಗಳು ತಿಂಗಳು ಮನೆಗೆ ದುಡ್ಡು ಕಳಿಸುತ್ತೇನೆ. ಅಪ್ಪನ ಮೊಣಕಾಲಿನ ಔಷಧಿ ನನ್ನ ಫೆಲೋಶಿಪ್ಪಿನದು. ಇನ್ನೊಂದು ವಿಷಯವನ್ನೂ ಒಪ್ಪಿಕೊಳ್ಳಬೇಕು. ಬಿಪಿಎಲ್ ಚೀಟಿಗೆ ಕುಟುಂಬದ ವರಮಾನ ವರ್ಷಕ್ಕೆ 1,20,000 ದಾಟಬಾರದು. ಫೆಲೋಶಿಪ್ ಬಂದ ದಿನದಿಂದಲೂ ನಾವು ಅದನ್ನು ದಾಟಿದ್ದೆವು. ಆದರೂ ಆ ಚೀಟಿಯ ಅಕ್ಕಿ ಮನೆಗೆ ಬರುತ್ತಿತ್ತು. ರಜೆಗೆ ಹೋದಾಗ ನಾನೂ ಅದನ್ನೇ ಉಣ್ಣುತ್ತಿದ್ದೆ. ಸೆಮಿನಾರುಗಳಲ್ಲಿ ಹಕ್ಕು, ನ್ಯಾಯ, ಅಂಚು ಎಂದು ಮಾತಾಡಿ ಬಂದು ಉಣ್ಣುತ್ತಿದ್ದೆ.

ನನ್ನನ್ನು ತಡೆದದ್ದು ತತ್ವವೇನೂ ಅಲ್ಲ, ಆರನೇ ನಂಬರಿನ ಅಜ್ಜಿ. ಅವಳಿಗೆ ಎಪ್ಪತ್ತರ ಹತ್ತಿರ. ಮಗ ಎಲ್ಲೋ ಹೋದವನು ತಿರುಗಿ ಬಂದಿಲ್ಲ. ಕೆಲಸ ನಿಂತ ಮೇಲೂ ತೋಟದವರು ಅವಳನ್ನು ಕರುಣೆಯಿಂದ ಇರಲು ಬಿಟ್ಟಿದ್ದರು. ಆ ಕರುಣೆಯೂ ಈ ಕೊಯ್ಲಿನ ತನಕ ಎಂದು ಗೊತ್ತಾಗಿತ್ತು. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬರುವ ಹೊಸ ಕೆಲಸದವರಿಗೆ ಮನೆ ಬೇಕಲ್ಲ. ಅವರಿಗಾದರೂ ಏಳು ಜನಕ್ಕೆ ಒಂದು ಕೋಣೆ. ಅಜ್ಜಿಯ ಅರ್ಜಿಯನ್ನೂ ನಾನೇ ತುಂಬುತ್ತಿದ್ದೆ. ಗುರುತಿಸಿದ ಒಂದೂವರೆ ಎಕರೆ ನಾಳೆಯೇ ಸಿಕ್ಕರೂ ಮೂವತ್ತು ನಿವೇಶನ. ರಿಜಿಸ್ಟರಿನಲ್ಲಿದ್ದ ಹೆಸರುಗಳು ಅದರ ಎಷ್ಟೋ ಪಟ್ಟು. ಅಪ್ಪ ಅಮ್ಮನ ಅರ್ಜಿಯಲ್ಲಿ ದಾಖಲೆಗಳೆಲ್ಲ ಸರಿಯಾಗಿದ್ದವು, ಮಗಳು ಓದಿದವಳಲ್ಲವೇ. ಅಜ್ಜಿಯ ಆಧಾರಿನಲ್ಲಿ ಹುಟ್ಟಿದ ವರ್ಷ ತಪ್ಪು, ಬ್ಯಾಂಕಿನಲ್ಲಿ ಹೆಸರು ಬೇರೆ. ನಮ್ಮದು ಅವಳಿಗಿಂತ ಮೇಲೆ ಹೋಗುತ್ತದೆ ಎನ್ನುವುದರಲ್ಲಿ ಸಂಶಯವಿರಲಿಲ್ಲ.

ನಾನು ಹೆಸರು ತೆಗೆಸಲಿಲ್ಲ. ಬಿಪಿಎಲ್ ಚೀಟಿಯನ್ನೂ ಎಪಿಎಲ್‌ಗೆ ಬದಲಾಯಿಸಿಕೊಡಿ ಎಂದು ಬರೆದುಕೊಟ್ಟೆ. ಇದರಲ್ಲಿ ದೊಡ್ಡತನವಿಲ್ಲ. ನನಗೆ 42,000 ಬರುತ್ತಿದ್ದುದರಿಂದ ಇದು ಸಾಧ್ಯವಾಯಿತು. ಅಷ್ಟು ಬರದಿದ್ದರೆ ಬೇರೆ ಏನೋ ಮಾಡುತ್ತಿದ್ದೆ.

ಅಮ್ಮ ನಾಲ್ಕು ದಿನ ಸರಿಯಾಗಿ ಮಾತಾಡಲಿಲ್ಲ. ಮನೆ ತಪ್ಪಿದ್ದಕ್ಕಿಂತ ಅಕ್ಕಿ ತಪ್ಪಿದ್ದಕ್ಕೆ ಅವಳಿಗೆ ಸಿಟ್ಟು. ಮನೆ ಬರುತ್ತದೆಂದು ಅವಳು ಹೆಚ್ಚು ನಂಬಿರಲಿಲ್ಲ, ಅಕ್ಕಿ ತಿಂಗಳು ತಿಂಗಳು ಬರುತ್ತಿತ್ತು. ಐದನೇ ದಿನ, "ನಿನ್ನ ನ್ಯಾಯ ನಮ್ಮ ತಲೆ ಮೇಲೆ ತಂದು ಹಾಕ್ದೆ" ಎಂದಳು. ಅಪ್ಪ ಜಗಲಿಯಲ್ಲಿ ಕೂತು ಬೀಡಿ ಸೇದುತ್ತಿದ್ದ. ಏನೂ ಹೇಳಲಿಲ್ಲ.

ಮಾರ್ಚಿಯಲ್ಲಿ ಗ್ರಾಮ ಸಭೆ ಆಯಿತು. ಅಜ್ಜಿಯನ್ನೂ, ಲೈನಿನ ಇನ್ನೂ ಮೂರು ಮನೆಯವರನ್ನೂ ಕರೆದುಕೊಂಡು ಹೋದೆ. ನಿವೇಶನ ರಹಿತರ ಹೆಸರು ಓದುವಾಗ ಲೈನಿನವರದ್ದು ಬಂತು. ಹಿಂದಿನ ಸಾಲಿನಿಂದ ಒಬ್ಬರು, "ಲೈನಿನೋರಿಗೆ ತೋಟದೋರು ಮನೆ ಕೊಟ್ಟಿದಾರಲ್ಲ, ಅವರ್ಯಾಕೆ ಈ ಲಿಸ್ಟಲ್ಲಿ?" ಎಂದರು. ಸಭೆಯಲ್ಲಿ ಹೌದು ಹೌದು ಎನ್ನುವ ಗುಜುಗುಜು. ಲೈನಿನಲ್ಲಿ ಇರುವ ತನಕ ನಮಗೆ ಮನೆ ಇದೆ, ಹಾಗಾಗಿ ಪಟ್ಟಿಯಲ್ಲಿ ಜಾಗವಿಲ್ಲ. ಲೈನ್ ಬಿಟ್ಟ ಮೇಲೆ ನಾವು ಈ ಪಂಚಾಯತಿಯಲ್ಲೇ ಇರುವುದಿಲ್ಲ, ಆಗಲೂ ಪಟ್ಟಿಯಲ್ಲಿ ಜಾಗವಿಲ್ಲ. ಹೀಗೆಯೇ ಎಷ್ಟೋ ಲೈನಿನವರು ಯಾವ ಲೆಕ್ಕಕ್ಕೂ ಸಿಗದೆ ಹೋಗಿದ್ದಾರೆ ಎಂದು ಆ ಕ್ಷಣ ಹೊಳೆಯಿತು.

ಎದ್ದು ನಿಂತೆ. ಸೆಮಿನಾರುಗಳಲ್ಲಿ ಪ್ರಬಂಧ ಮಂಡಿಸುವಾಗ ನಡುಗದ ಕಾಲು ಅವತ್ತು ನಡುಗಿತು. ಎದುರಿಗೆ ಕೂತವರಲ್ಲಿ ನಮ್ಮ ತೋಟದ ಕಡೆಯವರೂ ಇದ್ದರು. ನಾನು ಹೇಳಿದ್ದು ಇಷ್ಟೇ: ಲೈನ್ ಮನೆ ಕೆಲಸ ಇರುವ ತನಕ ಕೊಡುವ ಕೂಲಿ, ಅದು ಇವರ ಮನೆಯಲ್ಲ. ಐವತ್ತೈದು ದಾಟಿದ ಲೈನಿನವರನ್ನೆಲ್ಲ ಈಗಲೇ ನಿವೇಶನ ರಹಿತರೆಂದು ಎಣಿಸಿ. ಮನೆ ಖಾಲಿ ಮಾಡಿಸಿದ ಮೇಲೆ ಎಣಿಸಲು ಹೋದರೆ ಜನ ಸಿಗುವುದಿಲ್ಲ. ನಮ್ಮ ಕುಟುಂಬದ ಹೆಸರು ಬೇಡ, ನನಗೆ ಸಂಬಳದಂಥ ಫೆಲೋಶಿಪ್ ಇದೆ. ಇವರದ್ದು ಬರೆದುಕೊಳ್ಳಿ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನವರು ಇನ್ನೇನೋ ಹೇಳಿದರು. ಪಿಡಿಒ ಮಾತ್ರ ತಲೆ ತಗ್ಗಿಸಿ ನಡಾವಳಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಕೊನೆಗೆ ಓದಿ ಹೇಳಿದರು. ಲೈನಿನ ನಾಲ್ಕು ಕುಟುಂಬಗಳನ್ನು ನಿವೇಶನ ರಹಿತರ ಪಟ್ಟಿಗೆ ಸೇರಿಸುವುದು, ಜಂಟಿ ಸರ್ವೆಗೆ ತಹಶೀಲ್ದಾರರಿಗೆ ಮತ್ತೊಮ್ಮೆ ಬರೆಯುವುದು. ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಹೊರಗೆ ಬಂದು, "ಅಷ್ಟೊಂದು ಜನರ ಎದುರು ಎಂತ ಮಾತಾಡ್ತೀಯೇ ನೀನು!" ಎಂದು ನನ್ನ ಬೆನ್ನಿಗೆ ಮೆಲ್ಲಗೆ ಹೊಡೆದಳು.

ಏಪ್ರಿಲಿನಲ್ಲಿ ಹೂಮಳೆಯಾಗಿ ತೋಟವೆಲ್ಲ ಬೆಳ್ಳಗಿದ್ದಾಗ ನಾವು ನಾಲ್ಕನೇ ನಂಬರು ಖಾಲಿ ಮಾಡಿದೆವು. ಸಾಮಾನು ಒಂದು ಪಿಕಪ್ಪಿನ ಅರ್ಧಕ್ಕೂ ಬರಲಿಲ್ಲ. ಪೇಟೆಯಲ್ಲಿ ಒಂದು ಅಂಗಡಿಯ ಹಿಂದೆ ಎರಡು ಕೋಣೆಯ ಮನೆ ಸಿಕ್ಕಿದೆ. ಗೋಡೆಗಳು ಮಾಡಿನ ತನಕ ಇವೆ. ಮೊದಲ ವಾರ ಅಮ್ಮನಿಗೆ ಆ ನಿಶ್ಶಬ್ದಕ್ಕೆ ನಿದ್ದೆ ಬರಲಿಲ್ಲವಂತೆ. ಅಪ್ಪ ಬೆಳಗ್ಗೆ ಆರಕ್ಕೇ ಎದ್ದು ಬಸ್ ಸ್ಟ್ಯಾಂಡಿನ ತನಕ ನಡೆದು ಬರುತ್ತಾನೆ, ಹೋಗಲು ಬೇರೆ ಜಾಗವಿಲ್ಲ.

ಬಾಡಿಗೆ ನನ್ನ ಫೆಲೋಶಿಪ್ಪಿನದು. ಅದಕ್ಕೆ ಇನ್ನು ಎರಡು ವರ್ಷ ಬಾಕಿ ಇದೆ. ಅಷ್ಟರೊಳಗೆ ಪ್ರಬಂಧ ಮುಗಿಯಬೇಕು, ಕೆಲಸ ಸಿಗಬೇಕು. ಗೆಸ್ಟ್ ಲೆಕ್ಚರರ್ ಆಗಿರುವ ನನ್ನ ಹಿರಿಯ ಗೆಳೆಯರನ್ನು ನೋಡಿದರೆ ಭರವಸೆ ಹೆಚ್ಚೇನೂ ಇಲ್ಲ. ಅಪ್ಪನ ಮನೆ ಅವನ ಮರಕಸಿಗೆ ಕಟ್ಟಿಹಾಕಿದ್ದ ಹಾಗೆ ಈಗ ಇವರಿಬ್ಬರ ಮನೆ ನನ್ನ ಥೀಸಿಸ್ಸಿಗೆ ಕಟ್ಟಿಹಾಕಿದೆ. ಮೂರನೇ ಅಧ್ಯಾಯಕ್ಕೆ ತಿರುಗಿ ಕೂತಿದ್ದೇನೆ. ಗುತ್ತಿಯ ಬಗ್ಗೆ ಬರೆದಿದ್ದ ಎರಡು ಪುಟವನ್ನು ತೆಗೆದಿಲ್ಲ. ಆದರೆ ಅಲ್ಲಿ ಬಳಸಿದ್ದ ಒಂದೆರಡು ದೊಡ್ಡ ಪದಗಳನ್ನು ತೆಗೆದಿದ್ದೇನೆ.

ಅಜ್ಜಿಯನ್ನು ತೋಟದವರು ಮಳೆಗಾಲ ಕಳೆಯುವ ತನಕ ಇರಲು ಬಿಟ್ಟಿದ್ದಾರೆ. ತಿಂಗಳಿಗೊಮ್ಮೆ ಪಂಚಾಯತಿಗೆ ಫೋನ್ ಮಾಡುತ್ತೇನೆ. ಸರ್ವೆ ಇನ್ನೂ ಆಗಿಲ್ಲ ಎನ್ನುತ್ತಾರೆ. ಅಮ್ಮ ಈಗ ಮತ್ತೆ ಭಾನುವಾರ ಫೋನ್ ಮಾಡುತ್ತಾಳೆ. ಅಂಗಡಿಯ ಅಕ್ಕಿಯ ರೇಟು ಹೇಳದೆ ಬಿಡುವುದಿಲ್ಲ, ಅದು ನನಗೇ ಎಂದು ನನಗೂ ಗೊತ್ತು. ಊಟ ಆಯ್ತಾ, ನೀರು ಬರ್ತಿದೆಯಾ ಎಲ್ಲ ಮುಗಿದ ಮೇಲೆ, ಫೋನ್ ಇಡುವ ಮುಂಚೆ ಕೇಳುತ್ತಾಳೆ:

"ಅಜ್ಜಿದು ಎಂತಾದ್ರೂ ಆಯ್ತಾ ಮಗಾ?"